ಮೂರನೆಯ ಸಲದ ಉಸಿರು

ಅಮೆರಿಕದ ಒಹಾಯೊ ರಾಜ್ಯದಲ್ಲಿ ಮಿಡಲ್‌ಟೌನ್ ಎಂಬ ಊರಿದೆ. ಹೆರಾಯಿನ್, ಫೆಂಟನಿಲ್‌ನಂಥ ಅಫೀಮು ಬಗೆಯ ಮಾದಕಗಳ ಅತಿಸೇವನೆಯಿಂದ ಬಿದ್ದವರನ್ನು ಉಳಿಸುವ ಖರ್ಚು ಹೊರಲಾರದಷ್ಟಾಯಿತೆಂದು 2017ರಲ್ಲಿ ಅಲ್ಲಿನ ನಗರಸಭಾ ಸದಸ್ಯ ಡ್ಯಾನ್ ಪಿಕಾರ್ಡ್ ಒಂದು ಸಲಹೆ ಮುಂದಿಟ್ಟರು: ಒಬ್ಬನನ್ನು ಎರಡು ಸಲ ಬದುಕಿಸೋಣ, ಆ ಖರ್ಚನ್ನು ಅವನು ಸಮಾಜಸೇವೆ ಮಾಡಿ ತೀರಿಸಲಿ, ತೀರಿಸದೆ ಮೂರನೆಯ ಸಲ ಬಿದ್ದರೆ ಆಂಬುಲೆನ್ಸ್ ಕಳಿಸುವುದು ಬೇಡ. ಸಲಹೆ ಜಾರಿಗೆ ಬರಲಿಲ್ಲ. ಆದರೆ ಕುಡಿದು ಬಿದ್ದವನನ್ನು ದಾಟಿ ಹೋಗುವಾಗ ನಮ್ಮೊಳಗೂ ಆ ಸದಸ್ಯರು ಎದ್ದು ಕೂರುತ್ತಾರೆ.

ಸಿಬ್ಬಂದಿ ಬಂದಾಗ ಬಿದ್ದವನ ತುಟಿ ನೀಲಿಗಟ್ಟಿರುತ್ತದೆ. ಮಿದುಳು ಉಸಿರಾಡುವುದನ್ನೇ ಮರೆತಿರುತ್ತದೆ. ಮೊದಲು ಮುಖಕ್ಕೆ ಮಾಸ್ಕ್ ಒತ್ತಿ, ಅದರ ಚೀಲ ಹಿಸುಕಿ, ಅವನ ಪರವಾಗಿ ತಾವೇ ಉಸಿರು ತುಂಬುತ್ತಾರೆ. ನಂತರ ಮೂಗಿಗೋ ಸ್ನಾಯುವಿಗೋ ನಲೊಕ್ಸೋನ್. ಅಮೆರಿಕದಲ್ಲಿ 1971ರಲ್ಲಿ ಒಪ್ಪಿಗೆ ಪಡೆದ ಈ ಔಷಧಿ, ಮಿದುಳಿನಲ್ಲಿ ಕೂತ ಮಾದಕವನ್ನು ಎಬ್ಬಿಸಿ ಆ ಜಾಗದಲ್ಲಿ ತಾನು ಕೂರುತ್ತದೆ. ಎರಡು ಮೂರು ನಿಮಿಷಗಳಲ್ಲಿ ಅವನು ಕಣ್ಣು ಬಿಡಬಹುದು. ಬಿಟ್ಟವನು ಶುಕ್ರಿಯಾ ಹೇಳುತ್ತಾನೆಂದು ನಿರೀಕ್ಷಿಸಬೇಡಿ. ನಶೆ ಏಕಾಏಕಿ ಇಳಿದು ಮೈ ನಡುಗುತ್ತದೆ, ವಾಂತಿಯಾಗುತ್ತದೆ; ಎಬ್ಬಿಸಿದವರನ್ನೇ ಬೈದು, ಆಸ್ಪತ್ರೆಗೆ ಬಾರೆನೆಂದು ಎದ್ದು ನಡೆಯುವವರೂ ಉಂಟು. ಔಷಧಿಯ ಬಲವಾದರೋ ಅರ್ಧ ತಾಸಿನಿಂದ ಒಂದೂವರೆ ತಾಸು. ಅದು ಇಳಿದ ಮೇಲೆ, ಮೈಯಲ್ಲುಳಿದ ಮಾದಕ ಮತ್ತೆ ಉಸಿರು ಕಟ್ಟಿಸಬಹುದು.

ಅದೇ ಮನೆಯ ಮೆಟ್ಟಿಲನ್ನು ಮತ್ತೆ ಹತ್ತುವವರ ಬೇಸರವನ್ನು ನಾವು ಹಗುರವಾಗಿ ಕಾಣಲಾರೆವು. ವ್ಯಸನಿಯ ಹೊಣೆ ಏನೂ ಇಲ್ಲವೆಂದೂ ಹೇಳುತ್ತಿಲ್ಲ. ಆದರೆ ಸಕ್ಕರೆ ಕಾಯಿಲೆಯವನು ಪಥ್ಯ ಮುರಿದು ಮೂರನೆಯ ಸಲ ಮೂರ್ಛೆ ಹೋದರೆ ಅವನು ತಿಂದ ಫಿರ್ನಿಯ ಬಟ್ಟಲುಗಳನ್ನು ಯಾರಾದರೂ ಎಣಿಸುತ್ತಾರೆಯೇ? ವ್ಯಸನಿಯನ್ನು ಬಾಯಲ್ಲಿ ರೋಗಿಯೆನ್ನುವಾಗಲೂ ನಾವು ಒಳಗೊಳಗೆ ಅಪರಾಧಿಯೆಂದು ತೀರ್ಪು ಕೊಟ್ಟಿರುತ್ತೇವೆ.

ಎಣಿಸಲೇಬೇಕೆಂದರೆ, ಎಬ್ಬಿಸಿದ ಮೇಲೆ ಅವನನ್ನು ನಡುಕದೊಡನೆ ಒಂಟಿಯಾಗಿ ಬಿಟ್ಟ ಸಲಗಳನ್ನು ಎಣಿಸಬೇಕು. ಆ ನಡುಕವನ್ನು ತಡೆಯಲಾರದೆ ಅವನು ಮತ್ತೆ ಅದೇ ಮಾದಕದತ್ತ ಓಡುತ್ತಾನೆ. 2019ರಲ್ಲಿ ನ್ಯೂಜೆರ್ಸಿ ರಾಜ್ಯ, ಅಮೆರಿಕದಲ್ಲೇ ಮೊದಲಿಗೆ, ನಲೊಕ್ಸೋನ್‌ನಿಂದ ಎಚ್ಚೆತ್ತವನಿಗೆ ಬ್ಯುಪ್ರೆನಾರ್ಫಿನ್ ಎಂಬ ಔಷಧಿಯನ್ನು ಸ್ಥಳದಲ್ಲೇ ಕೊಡಲು ಆಂಬುಲೆನ್ಸ್ ಸಿಬ್ಬಂದಿಗೆ ಅನುಮತಿ ನೀಡಿತು. ಅದು ಸಂಕಟವನ್ನೂ ಹಪಾಹಪಿಯನ್ನೂ ತಗ್ಗಿಸುತ್ತದೆ. ಸಂಕಟ ಇಳಿದವನೊಡನೆ ಮಾತಾಡಬಹುದು, ನಾಳೆ ಚಿಕಿತ್ಸೆಗೆ ಬಾ ಎನ್ನಬಹುದು. ಬಾರೆನೆಂದವನ ಮನೆಯವರ ಕೈಗೆ, ಅಲ್ಲಿನ ಹಲವು ಊರುಗಳಲ್ಲಿ, ಸಿಬ್ಬಂದಿ ಇನ್ನೊಂದು ನಲೊಕ್ಸೋನ್ ಕೊಟ್ಟು, ಅದನ್ನು ಮೂಗಿಗೆ ಹಾಯಿಸುವುದು ಹೇಗೆಂದು ತೋರಿಸಿ ಹೋಗುತ್ತಾರೆ.