ಕೇಳದೆ ಪಡೆದದ್ದು ದಾನವೇ?



ಧಮ್ಮಬಂಧುಗಳೇ, ಇಂದಿನ ಚಿಂತನೆ ದಾನ ಪಾರಮಿತೆಯ ಬಗ್ಗೆ.

ಶಿಬಿ ಜಾತಕ ನಮ್ಮಲ್ಲಿ ಅನೇಕರಿಗೆ ಗೊತ್ತು. ಕುರುಡ ಬ್ರಾಹ್ಮಣನ ವೇಷದಲ್ಲಿ ಬಂದ ಶಕ್ರ ಒಂದು ಕಣ್ಣು ಬೇಡುತ್ತಾನೆ. ರಾಜನಾಗಿದ್ದ ಬೋಧಿಸತ್ವ ಎರಡೂ ಕಣ್ಣು ತೆಗೆಸಿ ಕೊಡುತ್ತಾನೆ. ಅವನು ಕೊಟ್ಟದ್ದು ತನ್ನ ಕಣ್ಣು. ಮನೆಯವರ ಕಡೆ ತಿರುಗಿ "ನೀನು ಕೊಡು" ಎನ್ನಲಿಲ್ಲ.

ಈ ಮಾತು ಯಾಕೆ ಹೇಳುತ್ತೇನೆಂದರೆ, ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಕಿಡ್ನಿ ರೋಗಿಗಳಿರುವ ಮನೆಗಳು ಬೇಕಾದಷ್ಟಿವೆ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್, ಬೆಳಗಾವಿ ಇಲ್ಲವೆ ಮಿರಜಿಗೆ ಓಡಾಟ, ದುಡಿಮೆ ಬಂದ್. ಕಿಡ್ನಿ ಕಸಿ ಮಾಡಬೇಕೆಂದು ಡಾಕ್ಟರು ಹೇಳಿದ ದಿನ ಮನೆಯವರೆಲ್ಲರ ಕಣ್ಣು ತಾಯಿಯ ಮೇಲೋ ಹೆಂಡತಿಯ ಮೇಲೋ ನಿಲ್ಲುತ್ತದೆ.

ಅಂಥ ಒಂದು ಮನೆಯಲ್ಲಿ ನಾನೂ ಕುಳಿತಿದ್ದೆ. "ಗಂಡಗ ಕೊಡೂದು ಆಕಿ ಧರ್ಮ ಅಲ್ಲೇನ್ರಿ ಮಾಸ್ತರ?" ಅಂದರು ಹಿರಿಯರು. ಆಕೆ ಏನೂ ಅನ್ನಲಿಲ್ಲ. ಚಹದ ಕಪ್ಪು ಎತ್ತಿಕೊಂಡು ಒಳಗೆ ಹೋದಳು. "ಏನೂ ಅನ್ನಲಿಲ್ಲಂದ್ರ ಒಪ್ಪಿದಂಗ" ಅಂದರು. "ಆಕಿನ್ನ ಯಾರರೆ ಕೇಳೀರೇನ್ರಿ?" ಅಂದೆ. ಯಾರೂ ಕೇಳಿರಲಿಲ್ಲ.

ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಹೆಣ್ಣುಮಕ್ಕಳ ಕರುಣೆ ದೊಡ್ಡದು, ನಿಜ. ಆದರೆ ಅದರಲ್ಲಿ ಎಷ್ಟು ಕರುಣೆ, ಎಷ್ಟು ಅಂಜಿಕೆ ಎಂದು ನೋಡಬೇಡವೇ? ಪಂಚಶೀಲದ ಎರಡನೆಯ ಶೀಲವನ್ನು ನಾವು ಕಳ್ಳತನ ಮಾಡಬಾರದು ಎಂದು ಸರಳ ಮಾಡಿ ಹೇಳುತ್ತೇವೆ. ಪಾಲಿಯಲ್ಲಿ ಅದರ ಅರ್ಥ ಕೊಡದೆ ಇದ್ದದ್ದನ್ನು ತೆಗೆದುಕೊಳ್ಳದಿರುವುದು. ಬಾಯಿಬಿಡದವಳ ಮೌನದಿಂದ ತೆಗೆದುಕೊಂಡ ಕಿಡ್ನಿ, ಕೊಟ್ಟದ್ದೋ ಕೊಡದೆ ಇದ್ದದ್ದೋ? ಕರ್ಮದ ತೂಕ ಚೇತನೆಯಲ್ಲಿದೆ ಎಂದವರು ಬುದ್ಧರು. ತಿಳಿದು, ಮನಸಾರೆ ಕೊಟ್ಟರೆ ಅದಕ್ಕಿಂತ ಹಿರಿದಾದ ದಾನವಿಲ್ಲ. ಹಾಗೆ ಕೊಡಬೇಕೆಂದರೆ "ಒಲ್ಲೆ" ಎನ್ನುವ ಬಾಗಿಲೂ ತೆರೆದಿರಬೇಕು.

ಕಾನೂನೂ ಇದನ್ನು ಬಲ್ಲದು. 1994ರ ಅಂಗಾಂಗ ಕಸಿ ಕಾಯ್ದೆಯಡಿ ಬಂದ 2014ರ ನಿಯಮಗಳು, ದಾನಿ ಮಹಿಳೆಯಾಗಿದ್ದರೆ ಹೆಚ್ಚಿನ ಎಚ್ಚರ ಬೇಕು, ಆಕೆಯ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವರಲ್ಲದ ಬೇರೊಬ್ಬರು ಖಚಿತಪಡಿಸಬೇಕು ಎನ್ನುತ್ತವೆ. ಆಸ್ಪತ್ರೆಗೆ ಹೋಗುವ ಮೊದಲು ಈ ಕೆಲಸ ಮನೆಯಲ್ಲೇ ಆಗಲಿ. ಆಕೆಯ ಅಕ್ಕನೋ ತಾಯಿಯೋ ಜೊತೆಗಿದ್ದು, ಒಬ್ಬಳನ್ನೇ ಕೂರಿಸಿ ಕೇಳಲಿ. ಆಪರೇಷನ್ ನಂತರ ಹೊಲದ ಕೆಲಸ ಯಾರು ಮಾಡುತ್ತಾರೆ, ಬೀಡಿ ಕೂಲಿ ನಿಂತರೆ ಮನೆ ಹೇಗೆ ನಡೆಯುತ್ತದೆ ಎಂಬುದನ್ನೂ ಮಾತಾಡಲಿ.

"ಆಕೆ ಒಲ್ಲೆ ಅಂದರೆ ರೋಗಿಯ ಗತಿಯೇನು?" ಈ ಪ್ರಶ್ನೆ ಕಠಿಣ. ಅದರ ಭಾರವನ್ನು ಒಬ್ಬಳ ಮೇಲೆ ಹೊರಿಸದೆ ನಾವೆಲ್ಲ ಹಂಚಿಕೊಳ್ಳುವ ದಾರಿಯೊಂದಿದೆ. ಅದು ಮರಣಾನಂತರದ ದಾನ. 2021ರ ಜೂನ್‌ನಲ್ಲಿ ಬೈಕ್ ಅಪಘಾತದಿಂದ ನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯವಾದಾಗ ಅವರ ಕುಟುಂಬ ಅಂಗಾಂಗ ದಾನಕ್ಕೆ ಒಪ್ಪಿತು. ನಮ್ಮ ರಾಜ್ಯದಲ್ಲಿ ಇಂಥ ಅಂಗಗಳನ್ನು ಸರದಿಯ ಪ್ರಕಾರ ಹಂಚುವ ಸರ್ಕಾರಿ ಸಂಸ್ಥೆ ಜೀವಸಾರ್ಥಕತೆ. ಬಿಪಿಎಲ್ ಕುಟುಂಬಗಳ ಕಸಿ ಚಿಕಿತ್ಸೆಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ನೆರವೂ ಇದೆ.

"ಈಗ ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡರಾಗುತ್ತೇವೆ" ಎನ್ನುವವರು ನಮ್ಮ ಕೇರಿಯಲ್ಲೂ ಇದ್ದಾರೆ. ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಇದನ್ನು ಬಿಡಿಸಿಟ್ಟಿದ್ದಾರೆ: ದೇಹ ಸತ್ತ ಮೇಲೆ ಪೃಥ್ವಿ, ಆಪ, ತೇಜ, ವಾಯು ತಮ್ಮ ತಮ್ಮ ರಾಶಿಗೆ ಸೇರುತ್ತವೆ, ಒಂದು ದೇಹ ಬಿಟ್ಟು ಇನ್ನೊಂದಕ್ಕೆ ಹೋಗುವ ಆತ್ಮವಿಲ್ಲ. ಮಣ್ಣಿಗೆ ಹೋಗುವ ಕಿಡ್ನಿ ಒಬ್ಬ ತಾಯಿಯನ್ನು ಆ ಮೌನದಿಂದ ಬಿಡಿಸುವುದಾದರೆ ಹಿಂಜರಿಯುವುದೇಕೆ?

ಹೆಸರು ನೋಂದಾಯಿಸಿದ್ದರೂ ಕೊನೆಗೆ ಮನೆಯವರ ಒಪ್ಪಿಗೆ ಬೇಕೇಬೇಕು. ಆದ್ದರಿಂದ ಇಂದು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಇಚ್ಛೆಯನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿ. ಮನೆಯ ಹೆಣ್ಣುಮಕ್ಕಳ ಇಚ್ಛೆ ಏನೆಂದು ಕೇಳಿ. ಅವರು ಹೇಳಿ ಮುಗಿಸುವ ತನಕ ಸುಮ್ಮನೆ ಕೂರಿ.

ಜೈ ಭೀಮ್. ನಮೋ ಬುದ್ಧಾಯ.