ಹಲಗೆಯ ಮೇಲೆ ಕನ್ನಂಬಾಡಿ

ನಮ್ಮ ಸೀಮೆಯ ಹುಡುಗರು ಯುದ್ಧದ ಡಯೊರಾಮಾ, ಅಂದರೆ ಹಲಗೆಯ ಮೇಲೆ ಪುಟ್ಟ ಗೊಂಬೆಗಳ ದೃಶ್ಯ, ಕಟ್ಟಬೇಕೆಂದು ಹೊರಟರೆ ಎಲ್ಲರ ಬಾಯಲ್ಲೂ ಬರುವುದು ಒಂದೇ ದಿನ: 1799ರ ಮೇ 4. ಶ್ರೀರಂಗಪಟ್ಟಣದ ಕೋಟೆ ಬಿರುಕು ಬಿಟ್ಟ ಮೂಲೆ, ಕಾವೇರಿ ದಾಟಿ ನುಗ್ಗುವ ಕೆಂಪು ಅಂಗಿಯವರು, ಗೋಡೆಯ ಮೇಲೆ ಟಿಪ್ಪುವಿನ ಸಿಪಾಯಿಗಳು, ಹೊಗೆ, ಬಾವುಟ. ಆಸೆಯೇನೋ ಸಹಜ. ಕೃಷ್ಣರಾಜಪೇಟೆಯಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟದೊಳಗೆ ಆ ಜಾಗವನ್ನೇ ಕಣ್ಣಾರೆ ನೋಡಿ ಬರಬಹುದು. ಇಷ್ಟು ಹತ್ತಿರದಲ್ಲಿ ಇತಿಹಾಸ ಇರುವಾಗ ಅದನ್ನೇ ಕಟ್ಟೋಣ ಅನ್ನಿಸದೆ ಇರುತ್ತದೆಯೇ?

ಆದರೆ ಕತ್ತರಿ, ಅಂಟು ಕೈಗೆತ್ತಿಕೊಳ್ಳುವ ಮುಂಚೆ ಒಂದು ಲೆಕ್ಕ ಹಾಕಿ. ಅಂದು ದಂಡು ದಾಟಿದ ನದಿಪಾತ್ರದ ಅಗಲ ಸುಮಾರು 280 ಗಜ. ಮಾಡೆಲ್ ಕಟ್ಟುವವರು ಹೆಚ್ಚಾಗಿ ಬಳಸುವ ಅಳತೆಗಳಲ್ಲಿ ಒಂದು 1:72, ಇನ್ನೊಂದು 1:35. ಮೊದಲನೆಯದರಲ್ಲಿ ಐದೂವರೆ ಅಡಿಯ ಆಳು 2.3 ಸೆಂಟಿಮೀಟರ್ ಆಗುತ್ತಾನೆ, ನದಿ ಮಾತ್ರ ಮೂರೂವರೆ ಮೀಟರ್ ಆಗುತ್ತದೆ. ಎರಡನೆಯದರಲ್ಲಿ ಆಳು ಐದು ಸೆಂಟಿಮೀಟರಿಗೆ ಬಂದರೆ ನದಿ ಏಳು ಮೀಟರ್ ದಾಟುತ್ತದೆ. ಕೋಟೆ ಇನ್ನೂ ಶುರುವಾಗಿಲ್ಲ, ಆಗಲೇ ನಡುಮನೆ ಮುಗಿದುಹೋಯಿತು.

ಆ ದೃಶ್ಯವನ್ನು ದೊಡ್ಡದಾಗಿ ತೋರಿಸುವ ಕೆಲಸ ಬಹಳ ಹಿಂದೆಯೇ ಲಂಡನ್ನಿನಲ್ಲಿ ನಡೆದಿತ್ತು. ಕೋಟೆ ಬಿದ್ದ ಮರುವರ್ಷ, 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಎಂಬ ಎಳೆಯ ಚಿತ್ರಕಾರ 120 ಅಡಿ ಉದ್ದದ ಬಟ್ಟೆಯ ಮೇಲೆ ಶ್ರೀರಂಗಪಟ್ಟಣದ ಮೇಲಿನ ದಾಳಿಯನ್ನು ಬರೆದು ಅಲ್ಲಿನ ಲೈಸಿಯಂ ಭವನದಲ್ಲಿ ಪ್ರದರ್ಶನಕ್ಕಿಟ್ಟ. ಜನ ಕಾಸು ಕೊಟ್ಟು ಒಳಗೆ ಹೋಗಿ, ತಮ್ಮ ಸುತ್ತ ಅರ್ಧಚಂದ್ರವಾಗಿ ನಿಂತ ಆ ಯುದ್ಧವನ್ನು ನೋಡಿದರು. ಬರೆದವನು ಶ್ರೀರಂಗಪಟ್ಟಣವನ್ನು ಕಂಡವನಲ್ಲ. ಮೂಲಚಿತ್ರ ಮುಂದೆ ಬೆಂಕಿಗೆ ಸಿಕ್ಕಿ ಹೋಯಿತು. ಅದನ್ನು ನೋಡಿ ಕೊರೆದ ಅಚ್ಚಿನ ಪಟಗಳು ಮಾತ್ರ ಉಳಿದಿವೆ. ಅವುಗಳನ್ನು ನೋಡಿದಾಗಲೆಲ್ಲ ನನಗೆ ಹೊಳೆಯುವುದು ಒಂದೇ. ನೋಡುವವನು ಯಾವಾಗಲೂ ಹತ್ತಿ ಬರುವವರ ಕಡೆ ನಿಂತಿರುತ್ತಾನೆ, ಒಳಗಿದ್ದವರ ಕಡೆ ನಿಂತು ನೋಡಲು ಅಲ್ಲಿ ಜಾಗವೇ ಇಲ್ಲ. ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಅರಮನೆ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯ ಮೇಲಿರುವ ಪೊಳ್ಳಿಲೂರು ಯುದ್ಧದ ಚಿತ್ರ ಇದಕ್ಕೆ ತದ್ವಿರುದ್ಧ. ಅಲ್ಲಿ ಗೆದ್ದವರು ನಮ್ಮ ಕಡೆಯವರು, ಪಲ್ಲಕ್ಕಿಯಲ್ಲಿ ಕುಸಿದು ಕೂತವನು ಸೋತ ಇಂಗ್ಲಿಷ್ ದಂಡಿನ ಕರ್ನಲ್ ಬೈಲಿ.

ಗೊಂಬೆ ಇಟ್ಟು ಯುದ್ಧ ತೋರಿಸುವವರಿಗೂ ಈ ಕಷ್ಟ ತಪ್ಪಿದ್ದಲ್ಲ. ಇಂಗ್ಲೆಂಡಿನ ವಿಲಿಯಂ ಸೈಬಾರ್ನ್ ಎಂಬ ಸೇನಾಧಿಕಾರಿ ವಾಟರ್‌ಲೂ ಯುದ್ಧದ ಮಾಡೆಲ್ ಕಟ್ಟಲು ಆ ರಣರಂಗದ ತೋಟದಮನೆಯೊಂದರಲ್ಲಿ ಎಂಟು ತಿಂಗಳು ಉಳಿದು ನೆಲ ಅಳೆದ. ಬದುಕಿದ್ದ ಅಧಿಕಾರಿಗಳಿಗೆಲ್ಲ ಕಾಗದ ಬರೆದು, ಸಂಜೆ ಏಳರ ಹೊತ್ತಿಗೆ ನೀವು ಎಲ್ಲಿದ್ದಿರಿ, ನಿಮ್ಮ ಮುಂದೆ ಯಾವ ಬೆಳೆ ಇತ್ತು ಎಂದೆಲ್ಲ ವಿಚಾರಿಸಿದ. 1838ರಲ್ಲಿ ಪ್ರದರ್ಶನಕ್ಕೆ ಬಂದ ಆ ಮಾಡೆಲ್‌ನಲ್ಲಿ ಎಪ್ಪತ್ತು ಸಾವಿರಕ್ಕೂ ಮೀರಿ ಪುಟ್ಟ ಲೋಹದ ಸಿಪಾಯಿಗಳಿದ್ದರು. ಆದರೆ ಸೈಬಾರ್ನ್ ಆರಿಸಿಕೊಂಡ ಗಳಿಗೆಯಲ್ಲಿ ಪ್ರಷ್ಯಾದ ದಂಡು ಎದ್ದು ಕಾಣುತ್ತಿತ್ತು. ಗೆಲುವಿನಲ್ಲಿ ಅವರಿಗೆ ಅಷ್ಟು ಪಾಲು ಹೋದದ್ದು ಬ್ರಿಟಿಷ್ ದಂಡನಾಯಕ ವೆಲಿಂಗ್ಟನ್‌ಗೆ ಹಿಡಿಸಲಿಲ್ಲ. ಸರ್ಕಾರವಂತೂ ಕೆಲಸ ಮುಗಿಯುವ ಮುಂಚೆಯೇ ಹಣ ನಿಲ್ಲಿಸಿತ್ತು, ಸೈಬಾರ್ನ್ ಸಾಲಕ್ಕೆ ಬಿದ್ದಿದ್ದ. ಮಾಡೆಲ್ ಇವತ್ತು ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಮ್ಮಿನಲ್ಲಿದೆ. ಇದೇ ವೆಲಿಂಗ್ಟನ್, ಇನ್ನೂ ಕರ್ನಲ್ ವೆಲ್ಲೆಸ್ಲಿ ಆಗಿದ್ದಾಗ, ಶ್ರೀರಂಗಪಟ್ಟಣ ಬಿದ್ದ ಮೇಲೆ ದರಿಯಾ ದೌಲತ್‌ನಲ್ಲಿ ವಾಸವಾಗಿದ್ದವನು.

ಡಯೊರಾಮಾದಲ್ಲಿ ಒಂದೇ ಗಳಿಗೆಗೆ ಜಾಗ. ಮುಂದೇನಾಯಿತು, ಹಿಂದೇನಾಗಿತ್ತು ಎಂದು ಹೇಳಲು ಅದಕ್ಕೆ ಬಾಯಿಲ್ಲ. ಹಾಗಾಗಿ ಯಾವ ಗಳಿಗೆ, ಯಾರ ಪಕ್ಕದಲ್ಲಿ ನಿಂತು ನೋಡಿದ್ದು ಎಂಬುದನ್ನು ಗೊತ್ತುಮಾಡುವುದೇ ಅರ್ಧ ಕೆಲಸ. ಉಳಿದರ್ಧ ಕೈಚಳಕ, ಅದು ಮಾಡುತ್ತ ಮಾಡುತ್ತ ಬರುತ್ತದೆ. ಮೊದಲ ಸಲ ಕಟ್ಟುವವರು ದೊಡ್ಡ ಯುದ್ಧವನ್ನು ಬಿಟ್ಟು, ಅದರ ಅಂಚಿನಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಹಿಡಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇದಕ್ಕೆ ನಮ್ಮ ಮಂಡ್ಯ ಜಿಲ್ಲೆಯಲ್ಲೇ ಸಾವಿರ ವರ್ಷಕ್ಕೂ ಹಳೆಯ ಮಾದರಿಯಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949–50ರ ಕಲ್ಲು ತಕ್ಕೋಲದ ಮಹಾಯುದ್ಧವನ್ನು, ಚೋಳ ರಾಜಾದಿತ್ಯ ಸತ್ತದ್ದನ್ನು ಬರಹದಲ್ಲಿ ಹೇಳುತ್ತದೆ. ಕೆತ್ತಿದ ಚಿತ್ರದಲ್ಲಿ ಮಾತ್ರ ರಾಜರೂ ಇಲ್ಲ, ಆನೆಗಳೂ ಇಲ್ಲ. ಇರುವುದು ಒಂದು ನಾಯಿ, ಒಂದು ಹಂದಿ. ರಾಷ್ಟ್ರಕೂಟ ಮೂರನೆಯ ಕೃಷ್ಣ ಮೆಚ್ಚಿ ಏನು ಬೇಕು ಕೇಳು ಎಂದಾಗ ಮಣಲೇರ ಎಂಬ ವೀರ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿ ಅದು. ಕಾಡುಹಂದಿಯೊಡನೆ ಕಾದಾಡಿ ಎರಡೂ ಸತ್ತವು. ಮಣಲೇರ ತನ್ನ ನಾಯಿಗಾಗಿ ಕಲ್ಲು ನಿಲ್ಲಿಸಿದ. ಆ ಕಲ್ಲಿನ ಮುಂದೆ ನಿಂತವರಿಗೆ ತಕ್ಕೋಲ ಮರೆತರೂ ಕಾಳಿ ಮರೆಯುವುದಿಲ್ಲ.

ನಮ್ಮ ಸೀಮೆಗೆ ಹೊಂದುವ ಅಂಥ ಗಳಿಗೆ ಯಾವುದು? ನಾನಾದರೆ 1791ರ ಮೇ ತಿಂಗಳನ್ನು ಆರಿಸುತ್ತೇನೆ. ಮಾರ್ಚಿಯಲ್ಲಿ ಬೆಂಗಳೂರು ಹಿಡಿದ ಈಸ್ಟ್ ಇಂಡಿಯಾ ಕಂಪನಿಯ ಸೇನಾಪತಿ ಕಾರ್ನ್‌ವಾಲಿಸ್ ಭಾರಿ ಫಿರಂಗಿಗಳನ್ನು ಎಳೆಸಿಕೊಂಡು ಶ್ರೀರಂಗಪಟ್ಟಣದ ಬುಡಕ್ಕೆ ಬಂದಿದ್ದ. ಮೇ 15ರಂದು ಅರಕೆರೆಯ ಹತ್ತಿರ ನಡೆದ ಕಾಳಗದಲ್ಲಿ ಗೆದ್ದೂ ಇದ್ದ. ಆದರೆ ಟಿಪ್ಪುವಿನ ಸವಾರರು ದಾರಿಯುದ್ದಕ್ಕೂ ಮೇವು ಸುಟ್ಟಿದ್ದರು. ಮಳೆ ಮೊದಲಾಯಿತು, ಹೊಳೆ ತುಂಬಿತು, ಹಸಿವು ಮತ್ತು ರೋಗಕ್ಕೆ ಎತ್ತುಗಳು ಸಾಲುಸಾಲಾಗಿ ಸತ್ತವು. ಕೋಟೆ ಒಡೆಯಲೆಂದು ತಂದ ಫಿರಂಗಿಗಳನ್ನು ಕನ್ನಂಬಾಡಿಯ ಬಳಿ ತನ್ನ ಕೈಯಾರೆ ನಾಶ ಮಾಡಿಸಿ ಕಾರ್ನ್‌ವಾಲಿಸ್ ಹಿಂದಿರುಗಿದ. ಹಾಗೆ ಹಿಂದಿರುಗುವಾಗಲೇ, ಇನ್ನೂ ದೂರವಿದ್ದಾರೆಂದುಕೊಂಡಿದ್ದ ಅವನ ಮಿತ್ರರಾದ ಮರಾಠರ ದಂಡು ದವಸಧಾನ್ಯದೊಂದಿಗೆ ಎದುರಾಯಿತು. ಅವರು ಬರುತ್ತಿರುವ ಸುದ್ದಿಯನ್ನು ತಂದ ಓಲೆಕಾರರನ್ನು ಟಿಪ್ಪುವಿನ ಕಡೆಯವರು ದಾರಿಯಲ್ಲೇ ತಡೆದಿದ್ದರು. ಕೆಲವೇ ದಿನಗಳ ಅಂತರ! ಆ ವರ್ಷ ಶ್ರೀರಂಗಪಟ್ಟಣ ಉಳಿದದ್ದು ಎತ್ತುಗಳ ಸಾವಿನಿಂದ. ಹೊತ್ತು ಸಾಗಿಸುವ ಪ್ರಾಣಿಯ ಬೆಲೆ ಹೈದರ್‌ಗೂ ಟಿಪ್ಪುವಿಗೂ ಚೆನ್ನಾಗಿ ಗೊತ್ತಿತ್ತು. ಒಡೆಯರ ಕಾಲದ ಬೆಣ್ಣೆಚಾವಡಿ ಎಂಬ ದನಸಾಕಣೆ ಇಲಾಖೆಯ ದನಗಳನ್ನು ದಂಡಿಗೆಂದೇ ಸಾಕಿಸಿ ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು.

ಆ ಹಳೆಯ ಕನ್ನಂಬಾಡಿ ಈಗ ಕೃಷ್ಣರಾಜಸಾಗರದ ನೀರಿನಡಿ ಇದೆ. ಅಲ್ಲಿದ್ದ ವೇಣುಗೋಪಾಲಸ್ವಾಮಿ ಗುಡಿಯ ಕಲ್ಲುಗಳನ್ನು ಬಿಡಿಸಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದ್ದಾರೆ. ನೆಲ ಮುಳುಗಿರುವುದರಿಂದ ಹೋಗಿ ನೋಡುತ್ತೇನೆಂದರೆ ಆಗದು. ಕಣ್ಣಿಗೆ ಕಾಣಿಸಬೇಕಾದರೆ ಯಾರಾದರೂ ಕಟ್ಟಿಯೇ ತೋರಿಸಬೇಕು.

ಇನ್ನು ಕೆಲಸ. 30 ಸೆಂಟಿಮೀಟರ್ ಉದ್ದ, 20 ಅಗಲದ ಪ್ಲೈವುಡ್ ಹಲಗೆ ಸಾಕು. 1:35ರ ಅಳತೆಯಲ್ಲಿ ಅದು ಹತ್ತು ಮೀಟರಿಗೆ ಏಳು ಮೀಟರ್ ನೆಲ. ಅಚ್ಚಿನವರೆಗೆ ಕೆಸರಿನಲ್ಲಿ ಹೂತ ಒಂದು ಫಿರಂಗಿ ಬಂಡಿ, ಅದಕ್ಕೆ ಹೂಡಿದ ಎರಡು ಜೊತೆ ಎತ್ತು (ಅವುಗಳಲ್ಲಿ ಒಂದು ಕುಸಿದು ಬಿದ್ದದ್ದು), ಇಬ್ಬರು ಆಳು, ಅಷ್ಟೇ. ನಿಜದಲ್ಲಿ ಅಂಥ ಫಿರಂಗಿಗೆ ಹತ್ತಾರು ಜೊತೆ ಹೂಡುತ್ತಿದ್ದರು, ಹಿಂದಿನಿಂದ ಆನೆ ಹಣೆಕೊಟ್ಟು ನೂಕುತ್ತಿತ್ತು. ಅವನ್ನೆಲ್ಲ ಮಾಡಬೇಕಿಲ್ಲ. ಮುಂದಿನ ಜೊತೆಯಿಂದ ಹೊರಟ ಹಗ್ಗವನ್ನು ಹಲಗೆಯ ಅಂಚಿನವರೆಗೂ ಬಿಗಿಯಾಗಿ ಎಳೆದು ಅಲ್ಲೇ ಕತ್ತರಿಸಿ. ಆಚೆಯ ಸಾಲನ್ನು ನೋಡುವವನು ತಾನೇ ಕಟ್ಟಿಕೊಳ್ಳುತ್ತಾನೆ.

ಎತ್ತು ಮಾತ್ರ ಅಂಗಡಿಯಲ್ಲಿ ಸಿಗುವುದಲ್ಲ. ಪರದೇಶದ ಪ್ಲಾಸ್ಟಿಕ್ ಕಿಟ್‌ಗಳಲ್ಲಿ ಬರುವ ದನಕ್ಕೆ ಹಿಣಿಲಿಲ್ಲ, ಗಂಗೆದೊಗಲಿಲ್ಲ. ಅದಕ್ಕೆ ನೊಗ ಎಲ್ಲಿ ಕೂರಿಸುತ್ತೀರಿ? ತೆಳು ತಂತಿಯಲ್ಲಿ ಬೆನ್ನೆಲುಬು, ಕಾಲು ಬಗ್ಗಿಸಿ ಅದರ ಮೇಲೆ ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಮೆತ್ತಿ ನೀವೇ ಮಾಡಬೇಕು. ಹಿಣಿಲಿನವರೆಗೆ ನಾಲ್ಕು ಸೆಂಟಿಮೀಟರ್ ಎತ್ತರ. ನೋಡಿ ಕಲಿಯಲು ಹೇಮಗಿರಿಯ ದನಗಳ ಜಾತ್ರೆಗಿಂತ ಒಳ್ಳೆಯ ಶಾಲೆ ಬೇಡ. ಹಳ್ಳಿಕಾರ್ ಎತ್ತಿನ ಕೊಂಬು ಬುಡದಲ್ಲಿ ಹತ್ತಿರ ಹತ್ತಿರ ಹುಟ್ಟಿ, ಹಿಂದಕ್ಕೆ ನೀಳವಾಗಿ ಹೋಗಿ, ತುದಿಯಲ್ಲಿ ಮುಂದಕ್ಕೆ ಬಾಗುವುದನ್ನು ಹತ್ತಿರ ನಿಂತು ಗಮನಿಸಿ. ಕಂಪನಿಯ ದಂಡಿನವು ಬಹುಪಾಲು ಬೇರೆ ಸೀಮೆಗಳಿಂದ ಬಂದ ಎತ್ತುಗಳಾದ್ದರಿಂದ, ನಾಲ್ಕಕ್ಕೂ ಒಂದೇ ಬಗೆಯ ಕೊಂಬು ಇಡದಿರುವುದು ಸರಿ. ಎಂ-ಸೀಲ್ ಗಟ್ಟಿಯಾಗುವ ಮೊದಲು ಸೂಜಿಯಿಂದ ಪಕ್ಕೆಲುಬು ಗೀರಿ, ಸೊಂಟದ ಮೂಳೆ ಎದ್ದು ಕಾಣುವಂತೆ ಅಕ್ಕಪಕ್ಕ ಒತ್ತಿ. ಮೇವಿಲ್ಲದೆ ವಾರಗಟ್ಟಲೆ ನಡೆದ ದನ ಅದು. ಜಾತ್ರೆಯಲ್ಲಿ ಕಂಡ ಮೈತುಂಬಿದ ಎತ್ತನ್ನೇ ಇಲ್ಲಿ ನಿಲ್ಲಿಸಿದರೆ ಕಥೆಯೇ ಸುಳ್ಳಾಗುತ್ತದೆ.

ಮಣ್ಣಿನ ವಿಚಾರದಲ್ಲಿ ಬಹಳ ಜನ ಎಡವುತ್ತಾರೆ. ನಿಜವಾದ ಮಣ್ಣು ಹಾಕಿದರೆ ನಿಜವಾಗಿ ಕಾಣುತ್ತದೆ ಎಂದುಕೊಳ್ಳುತ್ತಾರೆ. ಒಂದು ಮಿಲಿಮೀಟರ್ ಮರಳಿನ ಕಾಳು ಈ ಅಳತೆಯಲ್ಲಿ ಮೂರೂವರೆ ಸೆಂಟಿಮೀಟರಿನ ಕಲ್ಲು! ಹೊಳೆದಂಡೆಯ ಮಣ್ಣನ್ನು ಒಣಗಿಸಿ, ಕುಟ್ಟಿ, ಹಳೆಯ ಪಂಚೆಯಲ್ಲಿ ವಸ್ತ್ರಗಾಳಿಸಿ, ಆಮೇಲೆ ಫೆವಿಕಾಲ್ ಮತ್ತು ನೀರಿನಲ್ಲಿ ಕಲಸಬೇಕು. ಕಲಸಿದ್ದು ಹಸಿಯಾಗಿರುವಾಗಲೇ ಚಕ್ರ ಹೂತು, ಗೊರಸಿನ ಗುರುತು ಒತ್ತಿ. ಗುರುತು ಮುಂದೆ ಹೋದಂತೆಯೂ ಇರಲಿ, ಜಾರಿ ಹಿಂದೆ ಬಂದಂತೆಯೂ ಇರಲಿ. ಒಣಗಿದ ಮೇಲೆ ತಗ್ಗುಗಳಲ್ಲಿ ಪಾರದರ್ಶಕ ವಾರ್ನಿಷ್ ತೆಳ್ಳಗೆ ಎರಡು ಸಲ ಬಿಟ್ಟರೆ ನಿಂತ ನೀರು. ದಸರೆಗೆ ಗೊಂಬೆ ಕೂರಿಸುವ ಮನೆಗಳಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿ ಪಾರ್ಕು ಮಾಡಿದ ಅಜ್ಜಿಯರಿಗೆ ಈ ಕೈಕೆಲಸ ಹೊಸದಲ್ಲ, ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಬಣ್ಣ ಹಚ್ಚುವಾಗ ಕೈ ಬಿಗಿ ಹಿಡಿಯಿರಿ. ಸಿಪಾಯಿಯ ಕೆಂಪು ಅಂಗಿಗೆ ಡಬ್ಬಿಯ ಕೆಂಪನ್ನು ಹಾಗೇ ಬಳಿದರೆ ಮೆರವಣಿಗೆಗೆ ಹೊರಟವನಂತೆ ಕಾಣುತ್ತಾನೆ. ತುಸು ಬೂದು ಬೆರೆಸಿ, ಮೊಣಕಾಲಿನ ಕೆಳಗೆ ಕೆಸರಿನ ಬಣ್ಣವನ್ನು ಒಣ ಬ್ರಶ್ಶಿನಲ್ಲಿ ಸವರಿ. ಆಳುಗಳಲ್ಲಿ ಒಬ್ಬನಾದರೂ ಸಿಪಾಯಿಯಾಗಿರದೆ ಎತ್ತು ಹೊಡೆಯುವವನಾಗಿರಲಿ. ಅವನ ಬಾರುಕೋಲನ್ನು ಎತ್ತಿ ಹಿಡಿಸಬೇಡಿ, ಪಕ್ಕದಲ್ಲಿ ನೆಲಕ್ಕಿಡಿ. ಆ ದಂಡಿನ ಜನರಲ್‌ಗಳ ಹೆಸರು ಪುಸ್ತಕಗಳಲ್ಲಿದೆ, ಅವನ ಹೆಸರು ಎಲ್ಲೂ ಇಲ್ಲ. ಬಿದ್ದ ಎತ್ತಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಮೂಗುದಾರ ಬಿಚ್ಚುತ್ತಿರುವ ಅವನನ್ನು ನಡುವಿನಲ್ಲಿಟ್ಟು, ಫಿರಂಗಿಯನ್ನು ಒಂದು ಬದಿಗೆ ಸರಿಸಿದರೆ ನೋಡುವವರು ಮೊದಲು ಯಾರ ಕಡೆ ತಿರುಗಬೇಕೋ ಅವನ ಕಡೆಗೇ ತಿರುಗುತ್ತಾರೆ.

ಮುಗಿದ ಮೇಲೆ ಮೇಜಿನ ಮೇಲಿಟ್ಟು ಮೇಲಿನಿಂದ ನೋಡಬೇಡಿ. ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯ ತಳದ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಪುರಾಣದ ಕಾಳಗಗಳನ್ನು ನಾವು ಬಾಗಿ, ಅವುಗಳ ಮಟ್ಟಕ್ಕೆ ಇಳಿದು, ಪಕ್ಕದಿಂದಲೇ ನೋಡುತ್ತ ಸಾಗುತ್ತೇವಲ್ಲ, ಹಾಗೆ ಕಣ್ಣಿನ ಸಮಕ್ಕೆ ಬರುವ ಗೂಡಿನಲ್ಲೋ ಕಪಾಟಿನಲ್ಲೋ ಇಡಿ. ಹೆಸರಿನ ಪಟ್ಟಿಯಲ್ಲಿ ಕನ್ನಂಬಾಡಿ, ಮೇ 1791 ಎಂದಷ್ಟೇ ಇರಲಿ.

ಇದರಲ್ಲಿ ಕೈ ಪಳಗಿದವರಿಗೆ ಮುಂದಿನದೂ ಹತ್ತಿರದಲ್ಲೇ ಇದೆ. 1771ರ ಮಾರ್ಚಿಯಲ್ಲಿ ಪಾಂಡವಪುರ ತಾಲ್ಲೂಕಿನ ಚಿನಕುರಳಿಯ ಬಳಿ ಮರಾಠರು ಹೈದರನ ದಂಡನ್ನು ಚದುರಿಸಿಬಿಟ್ಟರು. ಅಲ್ಲಿ ಹೋಗಿ ನಿಂತು ನೋಡಲು ನೆಲ ಇನ್ನೂ ನೀರಿನ ಮೇಲಿದೆ. ಅಳತೆಪಟ್ಟಿ, ಒಂದು ಪುಸ್ತಕ, ಪೆನ್ಸಿಲ್ ಹಿಡಿದು ಹೊರಡಿ.