ತುಂಬಿದ ಪುಸ್ತಕಕ್ಕೆ ಯಾರು ಹೊಣೆ?

ಅಮೆರಿಕದ ಒರೆಗಾನ್ ರಾಜ್ಯ, ಪೋರ್ಟ್‌ಲ್ಯಾಂಡ್ ಊರಾಚೆಯ ಕಾಡುದಾರಿ. ಮಗನ ಮನೆಗೆ ಬಂದಿರುವ ಮಾವ ಕರ್ನಾಟಕದ ಸಬ್‌ರಿಜಿಸ್ಟ್ರಾರ್ ಕಚೇರಿಗಳಲ್ಲಿ ದುಡಿದು ನಿವೃತ್ತರಾದವರು. ಸೊಸೆಗೆ ಜಿಯೋಕ್ಯಾಶಿಂಗ್ ಹುಚ್ಚು. ಜಿಪಿಎಸ್ ತೋರಿಸಿದ ಜಾಗದಲ್ಲಿ ಯಾರೋ ಬಚ್ಚಿಟ್ಟ ಡಬ್ಬಿಯನ್ನು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಇದ್ದ ಹಾಗೆಯೇ ಮುಚ್ಚಿಟ್ಟು ಬರುವ ಆಟ ಅದು. ಈಗ ಸಿಕ್ಕಿರುವ ಡಬ್ಬಿಯ ಮುಚ್ಚಳದಲ್ಲಿ ಒಂದು ಕ್ಲಿಪ್ ಮುರಿದಿದೆ. ಒಳಗಿನ ಜಿಪ್ ಚೀಲದ ತಳದಲ್ಲಿ ನೀರು ನಿಂತಿದೆ. ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿವೆ. ಜೆಲ್ ಪೆನ್ನಿನ ಹೆಸರುಗಳು ಹರಡಿ ನೀಲಿ ಕಲೆಗಳಾಗಿವೆ, ಪೆನ್ಸಿಲ್ಲಿನವು ಮಾತ್ರ ಓದಲು ಬರುತ್ತವೆ. ಕೊನೆಯ ಪುಟದ ಅಂಚನ್ನೂ ಬಿಡದೆ ಅಡ್ಡಡ್ಡ ಬರೆದಿದ್ದಾರೆ.

ಮಾವ: ನಾನೆಲ್ಲಿ ಸಹಿ ಹಾಕಲಮ್ಮಾ? ಸೂಜಿ ಮೊನೆ ಊರುವಷ್ಟೂ ಜಾಗ ಇಲ್ಲ.

ಸೊಸೆ: ನನ್ನ ಹತ್ತಿರ ಬೇರೆ ಕಾಗದ ಇದೆ ಮಾವ. ಅದರಲ್ಲಿ ಬರೆದು ಒಳಗಿಡೋಣ.

ಮಾವ: ಅದರ ಬದಲು ಈ ಕೊಳೆತ ಪುಸ್ತಕವನ್ನೇ ತೆಗೆದು ಹೊಸದಿಟ್ಟುಬಿಡು. ಪುಣ್ಯ ಬರುತ್ತೆ.

ಸೊಸೆ: ಅದೊಂದು ಮಾತ್ರ ಮಾಡೋ ಹಾಗಿಲ್ಲ. ಪುಸ್ತಕ ಡಬ್ಬಿ ಇಟ್ಟವರದು. ನಾವು ಸೇರಿಸಬಹುದು, ತೆಗೆಯೋ ಹಾಗಿಲ್ಲ.

ಮಾವ: ಇಟ್ಟವರದು ಅಂತೀಯ. ಅವರು ಬರೆದದ್ದು ಮೊದಲ ಪುಟದ ಎರಡು ಸಾಲು. ಉಳಿದದ್ದೆಲ್ಲ ಬಂದು ಹೋದವರ ಕೈಬರಹ. ನಮ್ಮ ಕಚೇರಿಯ ಒಂದನೇ ಪುಸ್ತಕ, ಅಂದರೆ ಸ್ಥಿರಾಸ್ತಿ ಪತ್ರಗಳ ರಿಜಿಸ್ಟರು, ಅದರೊಳಗೆ ಊರಿನ ಜಮೀನೆಲ್ಲ ಇರ್ತಿತ್ತು. ಹಾಗಂತ ಅದು ಸಬ್‌ರಿಜಿಸ್ಟ್ರಾರರ ಸ್ವತ್ತೇ? ಅವರು ಕಾವಲಿನವರು, ಅಷ್ಟೆ.

ಸೊಸೆ: ಕಾವಲಿನವರು ಅಂದಿರಲ್ಲ, ನನಗೂ ಅಷ್ಟೇ ಸಾಕು. ಯಾರೋ ಕಕ್ಷಿದಾರರು ಬಂದು, ರಿಜಿಸ್ಟರು ಹಳೆಯದಾಗಿದೆ ಅಂತ ಕಂಕುಳಲ್ಲಿಟ್ಟುಕೊಂಡು ಹೊರಟರೆ ಬಿಡ್ತಿದ್ರಾ?

ಮಾವ: ಬಿಡೋದುಂಟೇ! 1908ರ ನೋಂದಣಿ ಕಾಯ್ದೆ 16ನೇ ಕಲಮಿನಲ್ಲೇ ಇದೆ. ಪುಟಗಳಿಗೆ ಅಚ್ಚಿನಲ್ಲೇ ಕ್ರಮಸಂಖ್ಯೆ ಇರಬೇಕು, ಒಟ್ಟು ಎಷ್ಟು ಪುಟ ಅಂತ ಮುಖಪುಟದಲ್ಲಿ ಅಧಿಕಾರಿ ದೃಢೀಕರಿಸಿರಬೇಕು. ಒಂದು ಹಾಳೆ ಹಾರಿದರೂ ಗೊತ್ತಾಗಿಬಿಡುತ್ತೆ. ಆದರೆ ಇಲ್ಲಿ ಜಮೀನಿಲ್ಲ, ವಾರಸುದಾರರಿಲ್ಲ. ಫೋನಿನಲ್ಲಿ ಹೇಗೂ ‘ಸಿಕ್ಕಿತು’ ಅಂತ ಹಾಕ್ತೀಯ. ಕಾಗದದ ಹಂಗು ಯಾಕೆ?

ಸೊಸೆ: ಫೋನಿನಲ್ಲಿ ಸೋಫಾ ಮೇಲೆ ಕೂತೂ ಹಾಕಬಹುದು ಮಾವ. ಇದರಲ್ಲಿ ಬರೆಯೋಕೆ ಇಲ್ಲಿಗೇ ಬರಬೇಕು. ಪುಸ್ತಕದಲ್ಲಿ ಸಹಿಯಾದ ಮೇಲಷ್ಟೇ ‘ಸಿಕ್ಕಿತು’ ಅನ್ನಬೇಕು ಅಂತ ನಿಯಮ ಇರೋದು ಅದಕ್ಕೇ. ಸಹಿ ಕಾಣದಿದ್ದರೆ ಡಬ್ಬಿಯವರು ಆನ್‌ಲೈನ್ ದಾಖಲೆ ಅಳಿಸಲೂಬಹುದು. ಈ ಆಟ ಹುಟ್ಟಿದ್ದು ಇದೇ ಒರೆಗಾನಿನಲ್ಲಿ, ಇಲ್ಲಿಂದ ದೂರವೂ ಅಲ್ಲ. ಮೊದಲೆಲ್ಲ ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಸ್ವಲ್ಪ ತಪ್ಪು ಬೆರೆಸ್ತಿತ್ತು. ಅಧ್ಯಕ್ಷ ಕ್ಲಿಂಟನ್ ಆದೇಶದಿಂದ 2000ದ ಮೇ 2ಕ್ಕೆ ಅದು ನಿಂತಿತು. ಮರುದಿನವೇ ಡೇವ್ ಅಲ್ಮರ್ ಅನ್ನುವವರು ಬೀವರ್‌ಕ್ರೀಕ್ ಹತ್ತಿರ ಒಂದು ಕಪ್ಪು ಬಕೆಟ್ ಇಟ್ಟು, ಅದರ ಅಕ್ಷಾಂಶ ರೇಖಾಂಶ ಎಲ್ಲರಿಗೂ ಹೇಳಿದರು. ಒಳಗೆ ಕವಣೆ ಇತ್ತು, ಬೀನ್ಸ್ ಡಬ್ಬಿ ಇತ್ತು, ಇನ್ನೂ ಏನೇನೋ. ಜೊತೆಗೆ ಹೆಸರು ಬರೆಯೋಕೆ ಪುಸ್ತಕ, ಪೆನ್ಸಿಲ್. ಈಗಿನ ಎಷ್ಟೋ ಡಬ್ಬಿಗಳು ಬೆರಳ ತುದಿಯಷ್ಟು, ಸುರುಳಿ ಸುತ್ತಿದ ಚೀಟಿ ಬಿಟ್ಟು ಇನ್ನೇನೂ ಹಿಡಿಸಲ್ಲ. ಮಿಕ್ಕದ್ದೆಲ್ಲ ಬಿಟ್ಟುಹೋಯಿತು, ಸಹಿಯ ಕಾಗದ ಬಿಡಲಿಲ್ಲ.

ಮಾವ: ಹಾಗಾದರೆ ನನ್ನ ವಾದಕ್ಕೇ ಬಲ ಬಂತು. ಸಹಿಯೇ ಇಲ್ಲಿನ ಆಸ್ತಿ ಅಂದಮೇಲೆ ಅದನ್ನು ಉಳಿಸೋದೇ ಮೊದಲ ಕೆಲಸ. ಈ ಚಳಿಗಾಲದ ಮಳೆ ಕಳೆಯೋದರೊಳಗೆ ಇದು ಮುದ್ದೆಯಾಗಿರುತ್ತೆ. ತೆಗೆದರೆ ತಪ್ಪು, ಬಿಟ್ಟರೆ ನಾಶ. ಯಾವುದನ್ನು ಆರಿಸ್ತೀಯ?

(ನಿಯಮಗಳನ್ನು ಎಷ್ಟು ತಿರುವಿದರೂ ತೀರದ ಪ್ರಶ್ನೆಯಿದು. ಸೊಸೆ ಉತ್ತರ ಕೊಡಲು ತಡ ಮಾಡಿದ್ದೇ ಸರಿ ಎಂದು ನನಗನ್ನಿಸುತ್ತದೆ.)

ಸೊಸೆ: ಈಗಲೇ ಒಂದೊಂದೇ ಹಾಳೆ ಬಿಡಿಸಿ ಫೋಟೊ ತೆಗೀತೀನಿ. ಆಮೇಲೆ ಡಬ್ಬಿಯವರಿಗೆ ಬರೀತೀನಿ, ಹಳೆಯದನ್ನು ಒಣಗಿಸಿ ಅಂಚೆಯಲ್ಲಿ ಕಳಿಸಲೇ ಅಂತ. ಹೂಂ ಅಂದರೆ ತೆಗೆಯೋದು. ಕೇಳದೆ ತೆಗೆದರೆ, ಉಳಿಸೋಕೆ ತೆಗೆದೆನೋ ಕದ್ದೆನೋ ಅನ್ನೋದಕ್ಕೆ ನನ್ನ ಬಾಯಿಮಾತು ಬಿಟ್ಟು ಬೇರೆ ಸಾಕ್ಷಿ ಏನಿದೆ?

ಮಾವ: ಫೋಟೊದ ಮಾತು ಒಪ್ಪಿದೆ. ಡಬ್ಬಿಯೇ ಒಡೆದಿದೆಯಲ್ಲ, ನಮ್ಮದೇ ಒಂದು ಗಟ್ಟಿ ಡಬ್ಬಿ ತಂದು ಇಟ್ಟರೆ?

ಸೊಸೆ: ಅದಕ್ಕೆ ಇಲ್ಲಿ ‘ಥ್ರೋಡೌನ್’ ಅಂತಾರೆ, ಆ ಹೆಸರು ಕೇಳಿದರೇ ನನಗೆ ಆಗಲ್ಲ. ಹುಡುಕಿದ್ದು ಸಿಗದೇ ಹೋದಾಗ, ಕಳೆದೇಹೋಗಿದೆ ಅಂದುಕೊಂಡು ಜೇಬಿನಿಂದ ಒಂದು ಫಿಲ್ಮ್ ಡಬ್ಬಿ ತೆಗೆದಿಟ್ಟು, ಅದರಲ್ಲೇ ಸಹಿ ಹಾಕಿ, ಸಿಕ್ಕಿತು ಅಂತ ಬರೆದು ಹೋಗ್ತಾರೆ. ನಿಜವಾದದ್ದು ಎರಡು ಹೆಜ್ಜೆ ಆಚೆ ಬೇರಿನ ಸಂದಿಯಲ್ಲಿ ಕೂತಿರುತ್ತೆ. ಆಮೇಲೆ ಬಂದವರಲ್ಲಿ ಅರ್ಧ ಜನ ಇದರಲ್ಲಿ, ಅರ್ಧ ಜನ ಅದರಲ್ಲಿ ಹೆಸರು ಬರೀತಾರೆ. ತಾವು ಇಡದ ವಸ್ತುವಿಗೆ ಡಬ್ಬಿಯವರು ಹೊಣೆಯಾಗಬೇಕು. ಇಟ್ಟವರು ಮತ್ತೆ ಈ ಕಡೆ ತಲೆ ಹಾಕಲ್ಲ.

ಮಾವ: ಹೊಣೆ ಹೊರದವರ ಉಪಕಾರ ಉಪಕಾರವೇ ಅಲ್ಲ ಅಂತಾಯಿತು. ಅದು ಗಡಸು ಮಾತಮ್ಮಾ. ದಾರೀಲಿ ಬಿದ್ದವನಿಗೆ ನೀರು ಕುಡಿಸೋಕೆ ಅವನ ಮನೆಯವರನ್ನು ಕೇಳಿಕೊಂಡು ಬರ್ತೀವಾ?

ಸೊಸೆ: ನೀರನ್ನು ಕೇಳದೇ ಕುಡಿಸ್ತೀನಿ. ಡಬ್ಬಿ ಒರೆಸ್ತೀನಿ, ಒಣ ಚೀಲ ಹಾಕ್ತೀನಿ, ಈ ಚೀಟಿ ಸೇರಿಸ್ತೀನಿ. ನೀರು ಕುಡಿಸಿ, ಮನೆಯವರಿಗೆ ಸುದ್ದಿಯನ್ನೂ ಮುಟ್ಟಿಸದೆ ಹೋಗಿಬಿಡೋದು ನನಗೆ ಸರಿ ಕಾಣಲ್ಲ. ಈ ಅಂಚು ನೋಡಿ, ಎಷ್ಟು ಜನ ತೂರಿಸಿಕೊಂಡು ಬರೆದಿದ್ದಾರೆ. ಆನ್‌ಲೈನಿನಲ್ಲಿ ಎಲ್ಲರದೂ ಥ್ಯಾಂಕ್ಸ್, ಥ್ಯಾಂಕ್ಸ್. ಪುಸ್ತಕ ತುಂಬಿದೆ ಅಂತ ಒಬ್ಬರೂ ಬರೆದಿಲ್ಲ. ಡಬ್ಬಿಯವರಿಗೆ ಕನಸು ಬೀಳಬೇಕೇ?

ಮಾವ: ಬಿಟ್ಟಿ ಉಪಕಾರ ಪಡೆದು ದೂರು ಬರೆಯೋಕೆ ಯಾರಿಗೆ ಮನಸ್ಸಾಗುತ್ತೆ?

ಸೊಸೆ: ದೂರು ಯಾಕಾಗಬೇಕು? ನೀವು ಕಡತದ ಮೇಲೆ ಷರಾ ಬರೀತಿದ್ದಿರಲ್ಲ, ಹಾಗೆ. ಕಂಡದ್ದಷ್ಟೇ: ಪುಸ್ತಕ ತುಂಬಿದೆ, ಒದ್ದೆಯಾಗಿದೆ, ಒಂದು ಕ್ಲಿಪ್ ಮುರಿದಿದೆ. ಮೊದಲು ಇದಕ್ಕೆ ‘ನೀಡ್ಸ್ ಮೇಂಟೆನೆನ್ಸ್’ ಅಂತಿದ್ದರು, ಈಗ ‘ಓನರ್ ಅಟೆನ್ಶನ್ ರಿಕ್ವೆಸ್ಟೆಡ್’ ಅಂತ ಮೆದು ಮಾಡಿದ್ದಾರೆ. ಆದರೂ ಜನಕ್ಕೆ ಅಂಜಿಕೆ. ಸುಮ್ಮನಿರೋದೇ ಮರ್ಯಾದೆ ಅಂದುಕೊಳ್ತಾರೆ. ನಾನು ಹಾಕೋ ಪ್ರತಿ ಸಹಿ ಮುಂದೆ ಬರುವವರ ಒಂದಿಷ್ಟು ಜಾಗ ಕಬಳಿಸುತ್ತೆ ಮಾವ. ಜಾಗ ಬಳಸಿಕೊಂಡು, ಜಾಗ ಮುಗಿಯಿತು ಅಂತ ಹೇಳದೆ ಹೋದರೆ ನನ್ನ ಥ್ಯಾಂಕ್ಸ್‌ಗೆ ಏನು ಬೆಲೆ?

ಮಾವ: ಜಾಗದ ಮಾತು ಬಂತಲ್ಲ, ಇಲ್ನೋಡು. ಒಬ್ಬರೇ ಇಡೀ ಪುಟ ಹಿಡಿದಿದ್ದಾರೆ, ನಾಯಿಯ ಹೆಸರು ಸಮೇತ.

ಸೊಸೆ: ದೊಡ್ಡ ಪುಸ್ತಕ ಹೊಸದಾಗಿದ್ದಾಗ ಅದು ಚಂದವೇ, ಇಟ್ಟವರು ಓದಿ ಖುಷಿಪಡ್ತಾರೆ. ಪುಟ್ಟ ಚೀಟಿಯಾದರೆ ತಾರೀಖು, ಚುಟುಕು ಹೆಸರು ಸಾಕು. ಇಡುವವರಿಗೂ ಒಂದು ಮಾತು ಹೇಳಬೇಕು. ಟಕೋಮಾದಲ್ಲಿ ‘ರೈಟ್ ಇನ್ ದ ರೇನ್’ ಅಂತ ಮಳೆಗೆ ಜಗ್ಗದ ಕಾಗದ ಮಾಡ್ತಾರೆ, 1916ರಿಂದ. ಅಂಥ ಕಾಗದ, ಒಂದು ಪೆನ್ಸಿಲ್, ಬಿಗಿ ಮುಚ್ಚಳ ಇದ್ದಿದ್ದರೆ ಇವತ್ತು ಈ ಮಾತೇ ಬರ್ತಿರಲಿಲ್ಲ.

ಮಾವ: ಷರಾ ಬರೆದೂ ಉತ್ತರ ಬರದಿದ್ದರೆ? ಊರು ಬಿಟ್ಟಿರಬಹುದು. ತೀರಿಕೊಂಡೂ ಇರಬಹುದು.

ಸೊಸೆ: ಆಗ ರಿವ್ಯೂವರ್ ಅಂತ ಸ್ವಯಂಸೇವಕರಿದ್ದಾರೆ, ಅವರಿಗೆ ತಿಳಿಸೋದು. ಅವರು ಡಬ್ಬಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಸ್ವಲ್ಪ ಕಾಲ ಕಾದು, ಆಮೇಲೆ ಪಟ್ಟಿಯಿಂದ ಇಳಿಸ್ತಾರೆ.

ಮಾವ: ಕೈಯಲ್ಲಿ ಕಾಗದ ಹಿಡಿದು ನಿಂತಿದ್ದೀಯ, ಆದರೂ ಸಾಯೋಕೆ ಬಿಡ್ತೀಯ!

ಸೊಸೆ: ನನಗೂ ಸಂಕಟವೇ. ಇಟ್ಟವರೇ ಇನ್ನೊಬ್ಬರಿಗೆ ಡಬ್ಬಿಯನ್ನು ದತ್ತು ಕೊಡೋ ಏರ್ಪಾಡಿದೆ, ಯಾರಾದರೂ ಹಾಗೆ ವಹಿಸಿಕೊಂಡರೆ ನನಗಿಂತ ಖುಷಿಪಡೋರಿಲ್ಲ. ಅಲ್ಮರ್ ಅವರ ಬಕೆಟ್ ಈಗಿಲ್ಲ, ಆ ಜಾಗದಲ್ಲಿ ಫಲಕ ಇದೆ. ಎಂಟು ದಿನ ಆದಮೇಲೆ ಕಾನ್ಸಾಸಿನಲ್ಲಿ ಇಟ್ಟ ‘ಮಿಂಗೊ’ ಅನ್ನೋ ಡಬ್ಬಿ ಇನ್ನೂ ಪಟ್ಟಿಯಲ್ಲಿದೆ. ಎರಡೂ ಸರಿಯೇ. ಆದರೆ ಯಾರದೂ ಅಲ್ಲದ ಡಬ್ಬಿಗೆ ಬಂದವರೆಲ್ಲ ಚೀಟಿ ತುರುಕ್ತಾ ಹೋದರೆ, ಕಾಡಿನಲ್ಲಿ ಪ್ಲಾಸ್ಟಿಕ್ ಕಸ ಒಂದು ಹೆಚ್ಚಾಗುತ್ತೆ. ಅದನ್ನು ಹೊತ್ತು ತಂದು ಕಸಕ್ಕೆ ಹಾಕೋರು ಯಾರು ಅಂತಲೂ ಗೊತ್ತಿರಲ್ಲ.

ಮಾವ: ಕೊನೇ ಮಾತು ಪೂರ್ತಿ ಒಪ್ಪಲಾರೆ. ದಾರೀಲಿ ದಿನಾ ಓಡಾಡೋರು ಹತ್ತು ಜನ ಸೇರಿ ನೋಡಿಕೊಂಡರೆ ಒಬ್ಬ ಯಜಮಾನನಿಗಿಂತ ಚೆನ್ನಾಗಿಯೇ ನೋಡಿಕೊಂಡಾರು.

ಸೊಸೆ: ಹತ್ತು ಜನರೂ ಹೆಸರು ಬರೆದುಕೊಟ್ಟರೆ ನಾನೂ ಒಪ್ತೀನಿ.

ಮಾವ: ಸರಿ ಹಾಗಾದರೆ. ಚೀಟಿಯ ತಲೆಗೆ ಇವತ್ತಿನ ತಾರೀಖು ಹಾಕು, ಮೂಲ ಪುಸ್ತಕ ತುಂಬಿದ್ದರಿಂದ ಸೇರಿಸಿದ ಹಾಳೆ ಅಂತ ಬರಿ. ಮತ್ತೆ ಆ ಫೋನಿನಲ್ಲಿ ಡಬ್ಬಿಯವರಿಗೆ ಬರೆಯೋ ಮೊದಲು ನನಗೂ ಒಂದು ಖಾತೆ ತೆರೆ. ಕಂಡವರು ಇಬ್ಬರು, ಷರಾದ ಕೆಳಗೆ ಇಬ್ಬರ ಹೆಸರೂ ಇರಲಿ.